ಮಾಳಿಗೆ ಮೇಲಿನ ನಾಲ್ಕನೇ ವಾರ

ರಾಣೇಬೆನ್ನೂರಿನ ಚಂದ್ರಶೇಖರ ಹಲಗೇರಿಯವರಿಗೆ ಮನುಷ್ಯ ಹುಟ್ಟುವುದಕ್ಕೆ ಮೊದಲಿನ ಒಂಬತ್ತು ತಿಂಗಳ ಬಗ್ಗೆ ಎಲ್ಲವೂ ಗೊತ್ತಿತ್ತು. ಹುಟ್ಟಿದ ಮೇಲಿನ ವ್ಯವಹಾರಗಳಲ್ಲಿ ಮಾತ್ರ ಸ್ವಲ್ಪ ತೊಡಕಾಗುತ್ತಿತ್ತು. ದಿನವೂ ಹಾವೇರಿಗೆ ಹೋಗಿ ಬರುವ ಮನುಷ್ಯ ಒಮ್ಮೆ ದಾವಣಗೆರೆ ಕಡೆಯ ರೈಲು ಹತ್ತಿ, ಹರಿಹರದ ಸೇತುವೆ ಬಂದಾಗ ಪಕ್ಕದವರನ್ನು, "ಹಾವೇರಿ ದಾರ್ಯಾಗ ಇಷ್ಟು ದೊಡ್ಡ ಹೊಳಿ ಯಾವಾಗ ಬಂತ್ರಿ?" ಎಂದು ಕೇಳಿದ್ದರು. ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಹಾಕಿಕೊಂಡು ಹೋಗುವುದು ಅವರ ಮನೆಯಲ್ಲಿ ಸುದ್ದಿಯೇ ಆಗುತ್ತಿರಲಿಲ್ಲ.

ಹಾವೇರಿ ಊರ ಹೊರಗಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಅವರು ಅಧ್ಯಾಪಕರು. ಬಸಿರು ಹೇಗೆ ಕಟ್ಟುತ್ತದೆ, ಕಣ್ಣಿಗೆ ಕಾಣದ ಒಂದು ಕಣಕ್ಕೆ ಕೈಕಾಲು ಮೂಡಿ ಅದು ಹೇಗೆ ಮಗುವಾಗುತ್ತದೆ ಎಂಬುದನ್ನು ಮೊದಲ ವರ್ಷದ ಹುಡುಗ ಹುಡುಗಿಯರಿಗೆ ಕಲಿಸುವುದು ಅವರ ಕೆಲಸ. ಹೆಸರಿನ ಹಿಂದಿದ್ದ 'ಡಾಕ್ಟರ್' ಪಿಎಚ್‌.ಡಿ.ಯಿಂದ ಬಂದದ್ದೇ ಹೊರತು ಸೂಜಿ ಚುಚ್ಚುವಂಥದ್ದಲ್ಲ. ಓಣಿಯವರು ಇದನ್ನು ಒಪ್ಪಿರಲಿಲ್ಲ. ಜ್ವರ ಬಂದವರು ಬಾಗಿಲು ತಟ್ಟಿದರೆ ಅವರು ಕೈಮುಗಿದು, "ಹುಟ್ಟಿದವರನ್ನ ನಾ ನೋಡಂಗಿಲ್ರಿ" ಎನ್ನುತ್ತಿದ್ದರು. ಅದರಿಂದ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚಾಗಿತ್ತು.

ಪಾಠದಲ್ಲಿ ಅವರಿಗೊಂದು ತೊಂದರೆ ಇತ್ತು. ಸಂಕೋಚ. ಗಂಡು ಹೆಣ್ಣಿನ ವಿಷಯ ಬಂತೆಂದರೆ ಅವರ ಮುಖ ತಾನಾಗಿಯೇ ಬೋರ್ಡಿನ ಕಡೆ ತಿರುಗುತ್ತಿತ್ತು. ಬಸಿರು ಕಟ್ಟಿ, ಬೆಳೆದು, ಹೆರಿಗೆಯಾಗಿ, ಹೊಕ್ಕಳಬಳ್ಳಿ ಕತ್ತರಿಸುವವರೆಗೆ ಮುಖ ಈ ಕಡೆ ಬರುತ್ತಿರಲಿಲ್ಲ. ಕಾಲೇಜು ಬಿಟ್ಟು ಹೋದ ಎಷ್ಟೋ ವೈದ್ಯರು ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಬೆನ್ನಿನಿಂದಲೇ ಗುರುತಿಸಿ ನಮಸ್ಕಾರ ಹೇಳುತ್ತಿದ್ದರು.

ಇಂಥವರು ಫೆಬ್ರವರಿಯ ಒಂದು ಸಭೆಯಲ್ಲಿ ಸ್ವಲ್ಪ ಹೆಚ್ಚು ಮಾತಾಡಿಬಿಟ್ಟರು. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಗುರುವಾರ ಬರುವುದಿತ್ತು. ಸಮಿತಿಯ ಎದುರು ಯಾರು ಪಾಠ ಮಾಡುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದಾಗ ಉಳಿದ ಅಧ್ಯಾಪಕರಿಗೆಲ್ಲ ಮೇಜಿನ ಕೆಳಗೆ ಏನೋ ಬಿದ್ದಂತಾಗಿ ಎಲ್ಲರೂ ಬಗ್ಗಿದರು. ಬಗ್ಗದೆ ಉಳಿದದ್ದು ಒಂದೇ ತಲೆ. ಹಿಂದಿನ ತಿಂಗಳು ಧಾರವಾಡದಲ್ಲಿ ನಡೆದ ಹೊಸ ರೀತಿಯ ಬೋಧನೆಯ ತರಬೇತಿಯಲ್ಲಿ ಅವರು ಬಹುಪಾಲು ನಿದ್ದೆ ಮಾಡಿದ್ದರೂ ಎಚ್ಚರವಿದ್ದಾಗ ಒಂದು ಮಾತು ಕಿವಿಗೆ ಬಿದ್ದಿತ್ತು: ಪಾಠವನ್ನು ಕಥೆಯಂತೆ ಹೇಳಿ, ನಿಮಗೆ ಆಪ್ತರಾದ ಒಬ್ಬರ ಜೊತೆ ಮಾತಾಡಿದಂತೆ ಹೇಳಿ.

"ನಾ ಮಾಡತೇನ್ರಿ ಸರ್," ಎಂದರು ಚಂದ್ರಶೇಖರ. "ಪರದೆ ಬ್ಯಾಡ, ಬೋರ್ಡ್ ಬ್ಯಾಡ. ನಮ್ಮ ಕನ್ನಡದಾಗ, ಹುಡುಗರ ಮುಖಾ ನೋಡಕೋತ. ಒಂಬತ್ತು ತಿಂಗಳು ಒಂದ ತಾಸಿನಾಗ ಮುಗಸತೇನಿ."

ಪ್ರಿನ್ಸಿಪಾಲರು ಅವರ ಮುಖವನ್ನು ಆ ದಿನವೇ ಸರಿಯಾಗಿ ನೋಡಿದರೆಂದು ಕಾಣುತ್ತದೆ. "ಆತು, ನೀವ ಮಾಡ್ರಿ" ಎಂದುಬಿಟ್ಟರು.

ಮನೆಗೆ ಬರುವಷ್ಟರಲ್ಲಿ ಚಂದ್ರಶೇಖರರ ಧೈರ್ಯ ಇಳಿದಿತ್ತು. ಹೆಂಡತಿ ಶೀಲಾ ಸಹಕಾರಿ ಬ್ಯಾಂಕಿನ ಕೆಲಸ, ಮನೆಗೆಲಸ ಮತ್ತು ಮಗಳು ಶ್ರದ್ಧಾಳ ನಿಶ್ಚಯದ ತಯಾರಿ ಎಂದು ಮೂರು ಕಡೆ ಓಡಾಡುತ್ತಿದ್ದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬೀರಲಿಂಗಪ್ಪನವರ ಮಗ ಮೈಲೇಶನ ಜೊತೆ ಸಂಬಂಧ ಕೂಡಿತ್ತು. ಹುಡುಗ ಹುಡುಗಿ ಇಬ್ಬರೂ ಹುಬ್ಬಳ್ಳಿಯಲ್ಲಿ ಓದುವಾಗಿನಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಹಿರಿಯರಿಗೆ ಮಾತ್ರ ತಾವೇ ಹುಡುಕಿದ ಸಂಬಂಧ ಎಂಬ ಹೆಮ್ಮೆ. ನಿಶ್ಚಯದ ದಿನವೊಂದು ಗೊತ್ತಾಗಬೇಕಿತ್ತು.

"ಶೀಲಾ, ನನ್ನ ಪಾಠ ಸ್ವಲ್ಪ ಕೇಳತಿಯೇನು?"

"ಇಷ್ಟು ಕೆಲಸದಾಗ ನನಗ ಬಸರು ಬಾಣಂತನ ಕೇಳಾಕ ಪುರಸತ್ತಿಲ್ಲ. ಮಾಳಿಗಿ ಮ್ಯಾಲೆ ಹೋಗಿ ಮಾಡ್ರಿ."

ಅವರು ಮಾಳಿಗೆ ಹತ್ತಿದರು. ಆಪ್ತರಾದ ಒಬ್ಬರ ಜೊತೆ ಮಾತಾಡಬೇಕಲ್ಲ, ಅವರಿಗೆ ಆಪ್ತರು ಹೆಂಡತಿಯೊಬ್ಬಳೇ. ನೀರಿನ ಟಾಕಿಯನ್ನೇ ಶೀಲಾ ಎಂದುಕೊಂಡು, ಸಂಕೋಚ ಬಿಟ್ಟು, ದನಿ ಎತ್ತಿ ಶುರುಮಾಡಿದರು.

"ಶೀಲಾ, ಮೂರು ವಾರ ಮುಗದು ನಾಲ್ಕನೇ ವಾರ ಹಿಡದೈತಿ. ನಿನಗ ಇನ್ನೂ ಖಾತ್ರಿ ಇಲ್ಲ. ಮನಿಯಾಗ ಯಾರಿಗೂ ಗೊತ್ತಿಲ್ಲ. ಆದ್ರ ನಿನ್ನ ಹೊಟ್ಟಿಯೊಳಗ ಒಂದು ಸಣ್ಣ ಎದಿ ಬಡಿಯಾಕ ಸುರು ಮಾಡೇತಿ. ಇನ್ನೂ ಅದಕ್ಕ ಮುಖಾ ಇಲ್ಲ, ಕೈಕಾಲಿಲ್ಲ. ಆದ್ರ ಎದಿ ಐತಿ, ಶೀಲಾ."

ಟಾಕಿಗೆ ಏನನ್ನಿಸಿತೋ ತಿಳಿಯದು. ಪಕ್ಕದ ಮಾಳಿಗೆಯಲ್ಲಿ ಶ್ಯಾವಿಗೆ ಒಣಗಿಸುತ್ತಿದ್ದ ಸರಸ್ವತೀಬಾಯಿಯವರ ಕೈ ಅಲ್ಲಿಯೇ ನಿಂತಿತು. ಅವರು ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ, ಓಣಿಯವರಿಗೆಲ್ಲ 'ಬಾಯಾರು'. ಗೋಡೆಯ ಮರೆಯಿಂದ ಅವರಿಗೆ ಚಂದ್ರಶೇಖರರ ತಲೆಯ ಬೋಳು ಭಾಗ ಮಾತ್ರ ಕಾಣುತ್ತಿತ್ತು, ಶೀಲಾ ಕಾಣುತ್ತಿರಲಿಲ್ಲ. ಪಾಪ, ಸುದ್ದಿ ಕೇಳಿ ಕುಸಿದು ಕೂತಿರಬೇಕು ಎಂದುಕೊಂಡರು. ನಲವತ್ತೈದು ದಾಟಿದ ಹೆಂಗಸು, ಮದುವೆಗೆ ಬಂದ ಮಗಳು. ಬಾಯಾರು ಶ್ಯಾವಿಗೆ ಬಿಟ್ಟು ಸದ್ದಾಗದಂತೆ ಕೆಳಗಿಳಿದರು.

ಬಾಯಾರು ಚಾಡಿ ಹೇಳುವವರಲ್ಲ. ಇದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಈಗ ಅವರು ಮಾಡಿದ್ದು ಎರಡೇ ಕೆಲಸ, ಎರಡೂ ಕರ್ತವ್ಯ. ಒಂದು, ಓಣಿಯ ಆಶಾ ಕಾರ್ಯಕರ್ತೆ ತಬಸ್ಸುಮ್‌ಳನ್ನು ಕರೆದು, "ವಯಸ್ಸಾದ ಬಸರಿ, ಲಗೂ ಹೆಸರು ಬರಸಬೇಕು" ಎಂದರು. ಎರಡನೆಯದು, ಬ್ಯಾಡಗಿಯಲ್ಲಿದ್ದ ತಮ್ಮ ತಂಗಿಗೆ ಫೋನ್ ಮಾಡಿ, ಯಾರಿಗೂ ಹೇಳಬೇಡ ಎಂದು ಎಚ್ಚರಿಸಿ ಹೇಳಿದರು.

ತಬಸ್ಸುಮ್ ಮರುದಿನವೇ ಗುಲಾಬಿ ಸೀರೆಯುಟ್ಟು ಚೀಲ ಹೆಗಲಿಗೇರಿಸಿ ಬಂದಳು. ಶೀಲಾ ಬ್ಯಾಂಕಿನಲ್ಲಿದ್ದಳು. ತಯಾರಿಗೆಂದು ರಜೆ ಹಾಕಿದ್ದ ಚಂದ್ರಶೇಖರ ಪಡಸಾಲೆಯಲ್ಲಿ ಹೆಂಡತಿಯ ಮೂರು ರವಿಕೆ ಕಣಗಳನ್ನು ಒಂದರ ಮೇಲೊಂದು ಹಾಸಿಕೊಂಡು, ಅವನ್ನು ಸುರುಳಿ ಮಾಡುತ್ತ, ಬಿಚ್ಚುತ್ತ ಕೂತಿದ್ದರು. ತಪಾಸಣೆಗೆ ಮೊದಲು ಕಾಲೇಜಿನವರು ಯಾರನ್ನೋ ಮನೆಗೆ ಕಳಿಸಿ ತಯಾರಿ ವಿಚಾರಿಸುತ್ತಾರೆ ಎಂದು ಯಾರೋ ತಮಾಷೆಗೆ ಹೇಳಿದ್ದು ಅವರ ತಲೆಯಲ್ಲಿತ್ತು. ಬಂದವಳ ಸಮವಸ್ತ್ರ ನೋಡಿದ್ದೇ ಎದ್ದು ನಿಂತರು.

"ಬರ್ರಿ, ಕುಂದ್ರಿ. ನೀವು ಬರತೀರಿ ಅಂತ ಗೊತ್ತಿತ್ತು."

"ಹೌದ್ರಿ ಸರ್? ಬಾಯಾರು ಹೇಳಿದ್ರೇನು? ಚಲೋ ಆತು. ಈಗ ಎಷ್ಟು ವಾರ ಆತ್ರಿ?"

"ನಿನ್ನೆ ನಾಲ್ಕು ಮುಗಸೇನ್ರಿ. ಇವತ್ತು ಸಂಜಿಯೊಳಗ ಎಂಟರ ತನಕ ಹೋಗಬೇಕಂತ ಮಾಡೇನಿ."

ತಬಸ್ಸುಮ್ ಬರೆಯುವುದನ್ನು ನಿಲ್ಲಿಸಿದಳು. "ಒಂದ ದಿನದಾಗ ನಾಲ್ಕು ವಾರ?"

"ಬ್ಯಾರೆ ದಾರಿ ಇಲ್ರಿ. ಗುರುವಾರ ಹೆರಿಗಿ ಆಗಾಕ ಬೇಕು. ವಿಶ್ವವಿದ್ಯಾಲಯದವರು ನೋಡಾಕ ಬರತಾರ."

"ಶೀಲಕ್ಕಾರು ಏನಂತಾರ್ರಿ ಇದಕ್ಕ?"

"ಆಕಿಗೆ ಇದರಾಗ ಮನಸ್ಸಿಲ್ರಿ. ಏನಿದ್ರೂ ಮಾಳಿಗಿ ಮ್ಯಾಲೆ ಮಾಡ್ಕೋರಿ ಅಂದುಬಿಟ್ಟಳು."

ತಬಸ್ಸುಮ್ ಓಣಿಯ ನೂರಾರು ಬಸುರಿಯರನ್ನು ಕಂಡವಳು, ಅವರ ಗಂಡಂದಿರನ್ನೂ ಕಂಡವಳು. ಸುದ್ದಿ ಕೇಳಿ ಗಂಡಸರ ತಲೆ ಒಂದೆರಡು ದಿನ ಹೀಗಾಗುವುದುಂಟು. ಸಮಾಧಾನದಿಂದ ಕೇಳಿದಳು. "ಇದು ಎಷ್ಟನೇದ್ರಿ ಸರ್?"

"ಪ್ರತಿ ವರ್ಷ ಇದ್ದದ್ದ ರಿ. ಹಿಂದಿನ ವರ್ಷ ನೂರು ಮಂದಿ ಇದ್ರು, ಈ ವರ್ಷ ನೂರಾ ಐವತ್ತು ಮಾಡ್ಯಾರ. ಒಬ್ಬನ ಸಂಭಾಳಿಸಬೇಕು."

ತಬಸ್ಸುಮ್ ಪೆನ್ನನ್ನು ಚೀಲಕ್ಕೆ ಹಾಕಿದಳು. ಈ ಮನುಷ್ಯನಿಂದ ಇನ್ನೇನೂ ತಿಳಿಯುವುದಿಲ್ಲ ಎಂದು ಖಚಿತವಾಗಿತ್ತು. "ಶೀಲಕ್ಕಾರನ್ನ ಶುಕ್ರವಾರ ದವಾಖಾನಿಗೆ ಕರಕೊಂಡ ಬರ್ರಿ, ನಾನೂ ಇರತೇನಿ. ನೀವು ಚೆಂದಗೆ ಊಟ ಮಾಡ್ರಿ, ನಿದ್ದಿ ಮಾಡ್ರಿ, ಸರ್. ಹೆದರಬ್ಯಾಡ್ರಿ, ಎಲ್ಲಾ ಸುಸೂತ್ರ ಆಗತೈತಿ."

ಕಾಲೇಜಿನವರು ತಮ್ಮ ಊಟ ನಿದ್ದೆಯನ್ನೂ ವಿಚಾರಿಸುವಷ್ಟು ಸುಧಾರಿಸಿದ್ದು ಚಂದ್ರಶೇಖರರ ಮನಸ್ಸಿಗೆ ತಟ್ಟಿತು. ಶುಕ್ರವಾರದ ಮಾತನ್ನು ಅವಳು ಬಾಗಿಲು ದಾಟುವಷ್ಟರಲ್ಲಿ ಮರೆತರು.

ಅತ್ತ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಅಂಗಳದ ತುಂಬ ಕೆಂಪು ರಾಶಿ, ಗಾಳಿಯ ತುಂಬ ಘಾಟು. ಅಲ್ಲಿ ಯಾವ ಮಾತೂ ಪೂರ್ತಿ ಕಿವಿಗೆ ಬೀಳುವುದಿಲ್ಲ. ಹೇಳುವವನಿಗೆ ಸೀನು, ಕೇಳುವವನಿಗೆ ಕೆಮ್ಮು. ಬಾಯಾರ ತಂಗಿಯ ಗಂಡ ತನ್ನ ಗೆಳೆಯನಿಗೆ "ನಾಲ್ಕನೇ ವಾರ" ಎಂದದ್ದು ಒಂದು ಸೀನು ದಾಟಿ "ನಾಲ್ಕನೇ ತಿಂಗಳು" ಆಯಿತು. ಇನ್ನೊಂದು ರಾಶಿ ದಾಟುವಾಗ ಯಾರೋ ಎರಡು ಸಲ ಸೀನಿದ್ದರಿಂದ ಅವಳಿಯಾಯಿತು. ಹೀಗೆ ತಯಾರಾದ ಸುದ್ದಿ ಬೀರಲಿಂಗಪ್ಪನವರಿಗೆ ಮುಟ್ಟಿತು.

ಬೀರಲಿಂಗಪ್ಪ ಸಜ್ಜನ. ಬೇರೆಯವರ ಬಾಯಿಂದ ಕೇಳಿದ್ದನ್ನು ನಂಬಬಾರದು, ಬೀಗರನ್ನೇ ಕೇಳಬೇಕು ಎಂದು ರಾಶಿಯ ಪಕ್ಕದಲ್ಲಿಯೇ ನಿಂತು ಫೋನ್ ಮಾಡಿದರು.

"ಬೀಗರ, ನಿಮ್ಮ ಕಡಿ ಒಂದು ವಿಶೇಷ ಐತಿ ಅಂತ ಕೇಳಿದೆ. ಖರೇ ಏನ್ರಿ?"

ಕಾಲೇಜಿನ ಸುದ್ದಿ ಬ್ಯಾಡಗಿವರೆಗೆ ಹೋಗಿದೆ ಎಂದು ಚಂದ್ರಶೇಖರರಿಗೆ ಹಿಗ್ಗಾಯಿತು. "ಖರೇ ರಿ. ಗುರುವಾರ ಹನ್ನೊಂದಕ್ಕ."

ಬೀರಲಿಂಗಪ್ಪ ಕೆಮ್ಮಿದರು. ಅದು ಘಾಟಿನ ಕೆಮ್ಮಾಗಿರಲಿಲ್ಲ. "ಹೊತ್ತೂ ಹೇಳ್ಯಾರೇನ್ರಿ? ಯಾವ ದವಾಖಾನಿಯಾಗ?"

"ದವಾಖಾನಿ ಬಾಜೂಕ, ದೊಡ್ಡ ಹಾಲಿನಾಗ. ಹುಡುಗರು, ಮಾಸ್ತರು, ತಪಾಸಣಿ ಮಂದಿ ಎಲ್ಲಾ ಇರತಾರ."

"ಅಷ್ಟು ಮಂದಿ ಮುಂದ?"

"ಮುಚ್ಚಿಡೂದು ಏನೈತ್ರಿ ಇದರಾಗ? ಇಷ್ಟು ವರ್ಷ ನಾನೂ ನಾಚಕೊಂಡ ಕೆಟ್ಟೆ. ನೀವೂ ಬರ್ರಿ, ಮನಿಮಂದಿನ್ನೂ ಕರಕೊಂಡ ಬರ್ರಿ. ಹಿರ್ಯಾರು ಕುಂತ್ರ ನನಗ ಧೈರ್ಯ."

ಬೀರಲಿಂಗಪ್ಪ ಅಂದು ಊಟಕ್ಕೆ ಮನೆಗೆ ಹೋದಾಗ ರೊಟ್ಟಿ ಮುರಿಯುವುದಕ್ಕೆ ಮೊದಲು ಎಲ್ಲವನ್ನೂ ಹೇಳಿದರು. ಅವರ ತಾಯಿ ಶೇಖವ್ವ ಮನೆಯ ಯಜಮಾನಿ. ವ್ಯಾಪಾರ ಮಗನದು, ತೀರ್ಮಾನ ಅವಳದು. ಬೀರಲಿಂಗಪ್ಪನವರ ಹೆಂಡತಿ ಕಾವೇರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಗುತ್ತ ಬಂದರೂ ಮಾತುಕತೆಯಲ್ಲಿ ಅವಳು ನಿಲ್ಲುತ್ತಿದ್ದುದು ಅಲ್ಲಿಯೇ.

"ಈ ಸಂಬಂಧ ಬ್ಯಾಡ," ಎಂದಳು ಶೇಖವ್ವ. "ನಮ್ಮ ಸೊಸಿ ಮೊದಲನೇ ಹೆರಿಗಿಗೆ ತವರಿಗೆ ಹೋದ್ರ, ಅಲ್ಲಿ ಅವರವ್ವನ ತೊಟ್ಟಿಲನ ಖಾಲಿ ಇರಂಗಿಲ್ಲ. ಯಾರ ಬಾಣಂತನ ಯಾರು ಮಾಡಬೇಕು?"

"ಅಜ್ಜೀ, ಇದರಾಗ ಶ್ರದ್ಧಾಂದೇನು ತಪ್ಪೈತಿ?" ಎಂದ ಮೈಲೇಶ.

"ತಪ್ಪು ಅಂತ ನಾ ಎಲ್ಲಿ ಅಂದೆ? ಮಂದಿಗೆ ಏನಂತ ಹೇಳೂದು ಅಂತ ಕೇಳಾಕತ್ತೇನಿ. ಮಗಳ ಮದುವಿ ಅಕ್ಕಿಕಾಳಿಗೆ ಬಂದವರು ಅವ್ವನ ಕೂಸಿಗೂ ಅಂಗಿ ಹೊಲಸಬೇಕೇನು?"

ಬಾಗಿಲ ಕಡೆಯಿಂದ ಕಾವೇರಿ ಮೆಲ್ಲಗೆ, "ಬಸರಾಗೂದು ಯಾರ ಕೈಯಾಗ ಐತ್ರಿ ಅತ್ತಿ. ಇದ್ರ ಇರಲೇಳ್ರಿ" ಎಂದಳು.

"ನಿನಗೇನು ತಿಳೀತೈತಿ ಬಸರಿನ ಮಾತು," ಎಂದಳು ಶೇಖವ್ವ. ಕಾವೇರಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅಂದು ರೊಟ್ಟಿ ಬಡಿದ ಸದ್ದು ಸ್ವಲ್ಪ ಜೋರಾಗಿತ್ತು.

ಗುರುವಾರ ಹಾವೇರಿಗೆ ಹೋಗಿ, ಮುಖ ನೋಡಿ, ಮರ್ಯಾದೆಯಿಂದಲೇ ಸಂಬಂಧ ಬೇಡವೆಂದು ಹೇಳಿ ಬರುವುದೆಂದು ತೀರ್ಮಾನವಾಯಿತು. ಹಾಲಿನಲ್ಲಿ ಎಲ್ಲರ ಎದುರು ಹೆರಿಗೆ ಎಂಬುದನ್ನು ಶೇಖವ್ವ ನಂಬಿದಳೋ ಇಲ್ಲವೋ ಹೇಳಲಾಗದು. ಹೊರಡುವಾಗ ಮಗ ಬೇಡವೆಂದರೂ ಒಂದು ಹಳೆಯ ಮೆತ್ತನೆಯ ಸೀರೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಸಂಬಂಧ ಮುರಿಯುವುದಿದ್ದರೂ ಹುಟ್ಟುವ ಕೂಸು ಬೆಚ್ಚಗಿರಬೇಕಲ್ಲ.

ಇಷ್ಟೆಲ್ಲ ನಡೆದರೂ ಶೀಲಾಗೆ ಏನೂ ಗೊತ್ತಿರಲಿಲ್ಲ. ಓಣಿಯಲ್ಲಿ ಯಾರೋ ಅವಳ ಕೈಯಿಂದ ತರಕಾರಿ ಚೀಲ ಕಸಿದುಕೊಂಡು ಮನೆವರೆಗೆ ಹೊತ್ತು ತಂದರು. ಮತ್ತೊಬ್ಬರು ಹುಣಸೆಹಣ್ಣಿನ ತೊಕ್ಕು ಕಳಿಸಿದರು. ಮಗಳ ಮದುವೆ ಎಂದರೆ ಜನರಿಗೆ ಎಷ್ಟು ಪ್ರೀತಿ ಬರುತ್ತದೆ ಎಂದು ಅವಳು ಕಣ್ಣು ತುಂಬಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಚಂದ್ರಶೇಖರ ರವಿಕೆ ಕಣಗಳನ್ನು ಚೀಲದಲ್ಲಿ ತುಂಬಿಕೊಂಡು ಹಾವೇರಿಗೆ ಹೋದರು. ಫೋನ್ ಮನೆಯಲ್ಲಿಯೇ, ಅಕ್ಕಿ ಡಬ್ಬಿಯ ಮೇಲೆ ಉಳಿಯಿತು. ಅವರು ಹೋದ ಸ್ವಲ್ಪ ಹೊತ್ತಿಗೆ ಬಾಯಾರು ಮಾವಿನಕಾಯಿ ಉಪ್ಪಿನಕಾಯಿ ಹಿಡಿದುಕೊಂಡು ಬಂದು ಶೀಲಾಳ ತಲೆ ಸವರಿದರು.

"ಹೆದರಬ್ಯಾಡ ಶೀಲಾ. ನಮ್ಮ ಚಿಕ್ಕವ್ವಗ ಸೊಸಿ ಬಂದ ಮ್ಯಾಲೆ ಒಂದು ಆಗಿತ್ತು. ಈಗ ಅವನ ಮನಿ ನಡಸಾಕತ್ತಾನ."

"ಏನು ಆಗಿತ್ರಿ ಬಾಯಾರ?"

"ಕೂಸು."

ಶೀಲಾಗೆ ವಿಷಯ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ತಿಳಿದ ಮೇಲೆ ಅವಳು ಗೋಡೆ ಹಿಡಿದು ಕುರ್ಚಿಗೆ ಕೂತಳು. ಕೂತದ್ದನ್ನು ನೋಡಿ ಬಾಯಾರು, "ಮೊದಲಿಗೆ ಹಿಂಗ ತಲಿ ತಿರಗತೈತಿ" ಎಂದರು.

"ನನಗ ಏನೂ ಇಲ್ರಿ ಬಾಯಾರ. ದೇವರಾಣೆ ಇಲ್ಲ."

"ಮೂರು ತಿಂಗಳ ತನಕ ಯಾರಿಗೂ ಹೇಳಬಾರದು ಅಂತ ನನಗೂ ಗೊತ್ತೈತೇಳವಾ," ಎಂದು ಬಾಯಾರು ಕಣ್ಣು ಮಿಟುಕಿಸಿದರು.

ಆಗಲೇ ಒಳಗಿನಿಂದ ಶ್ರದ್ಧಾ ಫೋನ್ ಹಿಡಿದು ಓಡಿಬಂದಳು. ಮೈಲೇಶ ಸಂದೇಶ ಕಳಿಸಿದ್ದ: ನಾವೆಲ್ಲ ಹಾವೇರಿಗೆ ಹೊರಟಿದ್ದೇವೆ, ಅಜ್ಜಿ ಸಂಬಂಧ ಬೇಡ ಎನ್ನುತ್ತಿದ್ದಾಳೆ, ಅವಳಿ ಎಂಬುದು ನಿಜವೇ. ಶ್ರದ್ಧಾಳ ಮುಖ ಬಿಳಿಚಿಕೊಂಡಿತ್ತು. "ಅವ್ವಾ, ಯಾರಿಗೆ ಅವಳಿ?"

ಶೀಲಾ ಬೀರಲಿಂಗಪ್ಪನವರಿಗೆ ಫೋನ್ ಮಾಡಿದಳು, ದಾರಿಯಲ್ಲಿ ಸಿಗಲಿಲ್ಲ. ಗಂಡನಿಗೆ ಮಾಡಿದಳು; ಅಕ್ಕಿ ಡಬ್ಬಿ ಹಾಡತೊಡಗಿತು. ಅವಳು ಉಟ್ಟ ಸೀರೆಯಲ್ಲಿಯೇ ಎದ್ದು, ಒಂದು ಕೈಯಲ್ಲಿ ಮಗಳನ್ನು, ಇನ್ನೊಂದು ಕೈಯಲ್ಲಿ ಬಾಯಾರನ್ನು ಹಿಡಿದು ರಸ್ತೆಗೆ ಬಂದಳು. "ನೀವ ಹಚ್ಚಿದ್ದು, ನೀವ ಬಂದು ಆರಸರ್ರಿ."

"ನಡಿ, ಓಡಬ್ಯಾಡ ಮಾತ್ರ," ಎಂದರು ಬಾಯಾರು. ಅವರ ನಂಬಿಕೆ ಇನ್ನೂ ಅಲುಗಿರಲಿಲ್ಲ.

ಕಾಲೇಜಿನ ಹಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕದಲ್ಲಿ ಸಮಿತಿಯವರು. ಸಮಿತಿಯ ಮುಖ್ಯಸ್ಥೆ ಬಿಳಿಗೂದಲಿನ ಹೆಂಗಸು. ಹೆರಿಗೆ ವೈದ್ಯೆಯಾಗಿ ಬಹಳ ವರ್ಷ ಕೆಲಸ ಮಾಡಿದವರೆಂದು ಹೇಳುತ್ತಿದ್ದರು. ಚಂದ್ರಶೇಖರರ ಬಾಯಿ ಒಣಗಿ ರೊಟ್ಟಿಯಾಗಿತ್ತು. ಬೋರ್ಡಿನ ಕಡೆ ತಿರುಗೋಣವೆಂದರೆ ತಾವೇ ಬೇಡವೆಂದು ತೆಗೆಸಿದ್ದರು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಬ್ಯಾಡಗಿಯ ಬೀಗರು ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತರು. ಅವರ ಹಿಂದೆಯೇ ಏದುಸಿರು ಬಿಡುತ್ತ ಶೀಲಾ, ಶ್ರದ್ಧಾ, ಬಾಯಾರು. ತಮಗೆ ಧೈರ್ಯ ತುಂಬಲು ಎರಡೂ ಮನೆಯವರು ಕೆಲಸ ಬಿಟ್ಟು ಬಂದಿದ್ದಾರೆಂದು ಚಂದ್ರಶೇಖರರ ಹೃದಯ ಉಕ್ಕಿಬಂತು.

ಕೊನೆಯ ಸಾಲಿನಲ್ಲಿ ಶೇಖವ್ವ ಶೀಲಾಳ ಹೊಟ್ಟೆಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದಳು. ಶೀಲಾ ಏನೋ ಹೇಳಹೊರಟಳು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವಳ ಗಂಡನ ದನಿ ಮೊಳಗಿತು.

"ಶೀಲಾ, ಮೂರು ವಾರ ಮುಗದು ನಾಲ್ಕನೇ ವಾರ ಹಿಡದೈತಿ. ನಿನಗ ಇನ್ನೂ ಖಾತ್ರಿ ಇಲ್ಲ."

ಪ್ರಿನ್ಸಿಪಾಲರು ಕಣ್ಣು ಮುಚ್ಚಿದರು.

"ಮನಿಯಾಗ ಯಾರಿಗೂ ಗೊತ್ತಿಲ್ಲ. ಆದ್ರ ನಿನ್ನ ಹೊಟ್ಟಿಯೊಳಗ ಒಂದು ಸಣ್ಣ ಎದಿ..."

"ಇದ ಮಾತು," ಎಂದು ಬಾಯಾರು ಎದ್ದು ನಿಂತರು. ಮೂವತ್ತು ವರ್ಷ ಶಾಲೆ ನಡೆಸಿದ ದನಿ, ಅದಕ್ಕೆ ಧ್ವನಿವರ್ಧಕ ಬೇಕಿರಲಿಲ್ಲ. "ಇದ ಮಾತು ಮಾಳಿಗಿ ಮ್ಯಾಲೆ ಹೇಳಾಕತ್ತಿದ್ದ. ನಾ ಕಿವಿಯಾರೆ ಕೇಳೇನಿ. ಚಂದ್ರಶೇಖರ, ಅಂದ್ರ ಅದು ಪಾಠ?"

"ಹೌದ್ರಿ ಬಾಯಾರ, ಪಾಠ," ಎಂದರು ಚಂದ್ರಶೇಖರ. ಅವರಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ, ಆದರೆ ಉತ್ತರ ಗೊತ್ತಿತ್ತು.

"ಈಕಿ ಬಸರಿಲ್ಲ?" ಎಂದಳು ಶೇಖವ್ವ.

"ಯಾರು?" ಎಂದರು ಚಂದ್ರಶೇಖರ.

ಶೀಲಾ ಎದ್ದು ನಿಂತಳು. "ನಾ ರಿ. ಇಲ್ಲ. ಯಾವತ್ತೂ ಇದ್ದಿಲ್ಲ. ಅಂದ್ರ, ಶ್ರದ್ಧಾನ ಬಿಟ್ರ." ಹೇಳಿ, ನೂರಾ ಐವತ್ತು ಭಾವಿ ವೈದ್ಯರು ತನ್ನ ಕಡೆ ತಿರುಗಿರುವುದನ್ನು ಕಂಡು, ಸೆರಗು ಮುಖಕ್ಕೆ ಎಳೆದುಕೊಂಡು ಕೂತುಬಿಟ್ಟಳು.

ನಗು ಹುಡುಗಿಯರ ಸಾಲಿನಿಂದ ಶುರುವಾಗಿ ಹುಡುಗರ ಕಡೆ ಹರಡಿ ಬೀರಲಿಂಗಪ್ಪನವರವರೆಗೆ ಬಂತು. ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕರು. ಶ್ರದ್ಧಾ ಮೈಲೇಶನ ಕಡೆ ನೋಡಿದಳು. ಅವನು ಉಸಿರು ಬಿಟ್ಟದ್ದು ಎರಡು ಸಾಲು ಆಚೆ ಕೇಳಿಸುವಂತಿತ್ತು. ಪ್ರಿನ್ಸಿಪಾಲರು ಸಮಿತಿಗೆ ಏನೋ ಸಮಜಾಯಿಷಿ ಹೇಳಲು ಹೋದಾಗ ಬಿಳಿಗೂದಲಿನ ಮೇಡಂ ಕೈ ಎತ್ತಿ ತಡೆದರು. "ಮುಂದುವರಿಸಿ ಸರ್. ಶೀಲಾಗೆ ನಾಲ್ಕನೇ ವಾರ. ಆಮೇಲೆ?"

ಚಂದ್ರಶೇಖರ ಮುಂದುವರಿಸಿದರು. ಇನ್ನು ನಾಚಿಕೊಳ್ಳಲು ಏನೂ ಉಳಿದಿರಲಿಲ್ಲವಾದ್ದರಿಂದ ಅವರ ದನಿ ಸಲೀಸಾಯಿತು. ಮೂರು ರವಿಕೆ ಕಣಗಳನ್ನು ಒಂದರ ಮೇಲೊಂದು ಹಿಡಿದು ತೋರಿಸಿದರು. ಮೇಲಿನ ಹಸಿರು ಚರ್ಮ ಮತ್ತು ಮಿದುಳು ಆಗುವ ಪದರು, ನಡುವಿನ ಕೆಂಪು ಎಲುಬು, ಸ್ನಾಯು, ರಕ್ತ, ಕೆಳಗಿನ ಹಳದಿ ಕರುಳು. ಹಾಳೆಯಂತಿದ್ದದ್ದು ಅಂಚು ಮಡಚಿಕೊಂಡು ಕೊಳವೆಯಾಗುವುದನ್ನು ಅವರು ನಿಧಾನವಾಗಿ ಸುತ್ತಿ ತೋರಿಸಿದಾಗ ಹುಡುಗರು ಬೆಂಚಿನಿಂದ ಎದ್ದು ನೋಡಿದರು. ಕೈ ಮೊದಲಿಗೆ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ, ಬೆರಳುಗಳು ಆಮೇಲೆ ಬಿಡಿಬಿಡಿಯಾಗುತ್ತವೆ ಎಂದಾಗ ಶೇಖವ್ವ ತನ್ನ ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು.

"ಇಷ್ಟು ಮಡಿಕಿ, ಇಷ್ಟು ತಿರುವು," ಎಂದರು ಚಂದ್ರಶೇಖರ. "ಎಲ್ಲಾ ಬಸರೂ ಇಲ್ಲೀ ತನಕ ಬರಂಗಿಲ್ಲ. ಎಷ್ಟೋ ಮೊದಲ ಹೋಗಿಬಿಡತಾವು. ನೀವು ನಾಳೆ ಡಾಕ್ಟರ್ ಆದಾಗ ಇದನ್ನ ನೆನಪಿಡಬೇಕು."

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಹಸಿರು ಬಳೆಗಳಿದ್ದವು. ಕಾವೇರಿ ಎದ್ದು ನಿಂತಿದ್ದಳು. ಬೀರಲಿಂಗಪ್ಪ ಅವಳ ಸೆರಗು ಹಿಡಿದು ಎಳೆದರು, ಅವಳು ಕೂರಲಿಲ್ಲ.

"ಒಂದು ಕೇಳತೇನ್ರಿ ಸರ್. ಮೆಣಸಿನಕಾಯಿ ಚೀಲಾ ಎಳದ್ರ ಹೋಗತೈತೇನ್ರಿ? ಘಾಟಿನಾಗ ಕುಂತ್ರ? ನಮ್ಮ ಮೈಲೇಶಗಿಂತ ಮೊದಲ ನನಗ ಎರಡು ಹೋಗ್ಯಾವು. ಎರಡೂ ಎರಡನೇ ತಿಂಗಳದಾಗ."

ಶೇಖವ್ವ ಮಡಿಲಲ್ಲಿದ್ದ ಹಳೆಯ ಸೀರೆಯ ಮಡಿಕೆಯನ್ನು ನೋಡುತ್ತ ಕೂತಳು.

ಚಂದ್ರಶೇಖರರ ಕೈಯಲ್ಲಿದ್ದ ಬಟ್ಟೆಯ ಸುರುಳಿ ಬಿಚ್ಚಿಕೊಂಡಿತು. ಇದು ರೂಢಿ ಮಾಡಿಕೊಂಡ ಪಾಠದಲ್ಲಿ ಇರಲಿಲ್ಲ. ಅವರು ಧ್ವನಿವರ್ಧಕ ಬಿಟ್ಟು ಮೆಟ್ಟಿಲು ಹತ್ತಿ ಹಿಂದಿನ ಸಾಲಿನವರೆಗೆ ಹೋದರು.

"ನಾ ದವಾಖಾನಿ ಡಾಕ್ಟರ್ ಅಲ್ಲ ರಿ ಬೀಗತಿಯವರ. ಆದ್ರ ಇಪ್ಪತ್ತು ವರ್ಷದಿಂದ ಇದನ್ನ ಓದಾಕತ್ತೇನಿ. ಅಷ್ಟು ಲಗೂ ಹೋಗೂ ಬಸರು, ಭಾಳಷ್ಟು, ಅದು ಕಟ್ಟೂ ದಿನಾನ ಒಳಗ ಏನೋ ತಪ್ಪಿ ಕೂಡಿರತೈತಿ. ತಪ್ಪಿ ಕೂಡಿದ್ದು ಮುಂದ ಬೆಳಿಯಾಕ ಬರಂಗಿಲ್ಲ, ತಾನ ನಿಂತುಬಿಡತೈತಿ. ನೀವು ಚೀಲಾ ಎಳದ್ರೂ ಅಷ್ಟ, ಹಾಸಿಗಿ ಮ್ಯಾಲೆ ಮಲಗಿದ್ರೂ ಅಷ್ಟ. ಅದು ನೀವು ಮಾಡಿ ಆಗಿದ್ದಲ್ಲ ರಿ."

ಮುಂದಿನ ಸಾಲಿನಿಂದ ಬಿಳಿಗೂದಲಿನ ಮೇಡಂ ತಿರುಗಿ ಕೂತು, "ಅವರು ಹೇಳಿದ್ದು ಸರಿ ಇದೆಯಮ್ಮ," ಎಂದರು. "ನಾನೂ ದಿನಾ ಇದೇ ಮಾತು ಹೇಳುತ್ತಿದ್ದೆ. ಕೇಳಬೇಕಾದ ಮನೆಯವರು ಬಾಗಿಲ ಹೊರಗೇ ನಿಂತಿರುತ್ತಿದ್ದರು."

"ನಾ ಮಾಡಿದ್ದಲ್ಲ," ಎಂದಳು ಕಾವೇರಿ. ಪ್ರಶ್ನೆಯಂತೆ ಅಲ್ಲ, ಬಾಯಿಪಾಠ ಮಾಡಿಕೊಳ್ಳುವಂತೆ. ಆಮೇಲೆ ಕೂತಳು. ಪಕ್ಕದಲ್ಲಿದ್ದ ಶೀಲಾ ಅವಳ ಕೈ ಹಿಡಿದುಕೊಂಡಳು.

ಪಾಠ ಹೇಗೋ ಹೆರಿಗೆಯವರೆಗೆ ಮುಟ್ಟಿತು. ಗಂಟೆ ಬಾರಿಸಿದಾಗ ಯಾರೂ ಏಳಲಿಲ್ಲ. ಎದ್ದಾಗ ಒಂದಿಷ್ಟು ಹುಡುಗಿಯರು ರವಿಕೆ ಕಣ ಸುತ್ತಿ ನೋಡಲು ಮುಂದೆ ಬಂದರು. ಪ್ರಿನ್ಸಿಪಾಲರು ಚಂದ್ರಶೇಖರರ ಕೈ ಕುಲುಕಿ, ಮುಂದಿನ ಸಲ ದಯವಿಟ್ಟು ಬೇರೆ ಹೆಸರು ಇಟ್ಟುಕೊಳ್ಳಿ ಎಂದಷ್ಟೇ ಹೇಳಿದರು.

ಕ್ಯಾಂಟೀನಿನಲ್ಲಿ ಎಲ್ಲರೂ ಚಹಾಕ್ಕೆ ಕೂತ ಮೇಲೆ ಚಂದ್ರಶೇಖರ ಹೆಂಡತಿಯ ಕಿವಿಯಲ್ಲಿ, "ಇಷ್ಟು ಮಂದಿ ನನ್ನ ಪಾಠಕ್ಕ ಅಂತ ಬಂದ್ರಲ್ಲ, ಮನಸ್ಸು ತುಂಬಿತು ನೋಡು" ಎಂದರು. ಶೀಲಾ ಮೊದಲಿನಿಂದ ಕೊನೆಯವರೆಗೆ ಅವರಿಗೆ ಹೇಳಿದಳು. ಬಾಯಾರು ಬಿಟ್ಟುಹೋದ ಭಾಗಗಳನ್ನು ಸೇರಿಸಿದರು. ಚಂದ್ರಶೇಖರ ಕೇಳುತ್ತ ಕೇಳುತ್ತ ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದು, ಚೆನ್ನಾಗಿದೆ ಎಂದರು. ಅವರಿಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾದದ್ದು ತಬಸ್ಸುಮ್ ತಮ್ಮ ಬಗ್ಗೆ ಏನೆಂದುಕೊಂಡಿರಬಹುದು ಎಂಬುದು. "ನಾ ಹೇಳತೇನೇಳ್ರಿ ಆಕಿಗೆ," ಎಂದು ಬಾಯಾರು ಅಭಯ ಕೊಟ್ಟಾಗ ಶೀಲಾ ಮತ್ತು ಶ್ರದ್ಧಾ ಒಟ್ಟಿಗೇ, "ಬ್ಯಾಡ್ರಿ" ಎಂದರು.

ಬೀರಲಿಂಗಪ್ಪ ಗಂಟಲು ಸರಿಮಾಡಿಕೊಂಡು ತಾಯಿಯ ಮುಖ ನೋಡಿದರು. "ಅವ್ವಾ, ಮುಂದ ಹೆಂಗ?"

ಶೇಖವ್ವ ಬಸಿಯಲ್ಲಿದ್ದ ಚಹಾ ಮುಗಿಸಿದಳು. "ನನ್ನೇನು ಕೇಳತಿ? ಹುಡುಗನ ಅವ್ವ ಇಲ್ಲೆ ಕುಂತಾಳಲ್ಲ, ಆಕಿನ್ನ ಕೇಳು."

ಆ ಮನೆಯಲ್ಲಿ ಇಂಥ ಪ್ರಶ್ನೆ ಕಾವೇರಿಯವರೆಗೆ ಬಂದದ್ದು ಇದೇ ಮೊದಲು. ಕಾವೇರಿ ಶ್ರದ್ಧಾಳ ಕಡೆ ನೋಡಿದಳು, ಮಗನ ಕಡೆ ನೋಡಿದಳು.

"ಬರೂ ಸೋಮವಾರ ನಿಶ್ಚಯ ಮಾಡೂಣು," ಎಂದಳು. "ಹುಡುಗಿಗೆ ಹಸಿರು ಸೀರಿ ನಾನ ಆರಿಸಿ ತರತೇನಿ."

ಬೀಗರ ಜೀಪು ಹೊರಡುವಾಗ ಎಲ್ಲರೂ ಗೇಟಿನವರೆಗೆ ಬಂದರು. ಮುಂದಿನ ಸೀಟು ಯಾವಾಗಲೂ ಶೇಖವ್ವನದು. ಅವಳು ಅಂದು ಹಿಂದಿನ ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ತಾನೇ ಹತ್ತಿ, ಮೊಮ್ಮಗನ ಪಕ್ಕದಲ್ಲಿ ಕೂತಳು. ಕೆಳಗೆ ನಿಂತೇ ಇದ್ದ ಕಾವೇರಿಗೆ, "ಹತ್ತು, ಹತ್ತು, ಮುಂದ ಗಾಳಿ ಚಲೋ ಬರತೈತಿ" ಎಂದಳು.

ಕಾವೇರಿ ಮುಂದೆ ಕೂತು, ಗಾಜು ಇಳಿಸಿ, ಶೀಲಾಳನ್ನು ಹತ್ತಿರ ಕರೆದಳು.

"ಖರೇ ಹೇಳತೇನ್ರಿ," ಎಂದಳು. "ನೀವು ಬಸರಾಗಿದ್ರೂ ನನಗ ಖುಷಿನ ಆಗತಿತ್ತು."

ಜೀಪು ಹೆದ್ದಾರಿಗೆ ತಿರುಗುವವರೆಗೂ ಶೀಲಾ ಕೈ ಬೀಸುತ್ತ ನಿಂತಿದ್ದಳು.